ಮನೆಯೇ ಶುಲ್ ಆದಾಗ: ನ್ಯೂಯಾರ್ಕ್‌ನಲ್ಲಿ ಆಸ್ತಿ ತೆರಿಗೆ ವಿನಾಯಿತಿ ಪಡೆಯುವ ಸಮಗ್ರ ಮಾರ್ಗದರ್ಶಿ

ನ್ಯೂಯಾರ್ಕ್ ರಾಜ್ಯದ ಮಾನ್ಸಿ, ಬ್ರೂಕ್ಲಿನ್‌ನ ಬರೋ ಪಾರ್ಕ್, ಲಾಂಗ್ ಐಲ್ಯಾಂಡ್‌ನ ಫೈವ್ ಟೌನ್ಸ್ ಕಡೆ ಓಡಾಡಿದವರಿಗೆ ಶುಲ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನಡೆಯುವ ಇಂಥ ಮನೆಗಳು ಚೆನ್ನಾಗಿ ಗೊತ್ತು. ಬೀದಿಯಿಂದ ನೋಡಿದರೆ ಎಲ್ಲ ಮನೆಗಳ ಹಾಗೇ ಇರುತ್ತದೆ. ಶನಿವಾರ ಬೆಳಿಗ್ಗೆ ಮಾತ್ರ ಜನ ಗುಂಪುಗುಂಪಾಗಿ ನಡೆದು ಬಂದು ಪಕ್ಕದ ಬಾಗಿಲಿಂದ ಬೇಸ್‌ಮೆಂಟಿಗೆ ಇಳಿಯುತ್ತಾರೆ. ಅಲ್ಲಿ ಗೋಡೆಗೆ ಅವರ ಧರ್ಮಗ್ರಂಥವಾದ ತೋರಾ ಸುರುಳಿಗಳನ್ನಿಡುವ ಆರೋನ್ ಕೋದೆಶ್, ನಡುವೆ ಓದುವ ಮೇಜು, ಹೆಂಗಸರ ಕಡೆಗೆ ಮೆಖಿತ್ಸಾ ಎಂಬ ಮರೆ, ಬಾಗಿಲ ಪಕ್ಕ ಪ್ರಾರ್ಥನೆಯ ಹೊತ್ತುಗಳ ಪಟ್ಟಿ ಇರುತ್ತವೆ. ಮೇಲಿನ ಮಹಡಿಯಲ್ಲಿ ರಬ್ಬಿಯ, ಅಂದರೆ ಅವರ ಧರ್ಮಗುರುವಿನ, ಸಂಸಾರ.

ಹೀಗೆ ಮನೆಯಲ್ಲೇ ಶುಲ್ ನಡೆಸುವುದಕ್ಕೆ ದುಡ್ಡಿನ ಕೊರತೆ ಮಾತ್ರ ಕಾರಣ ಅಲ್ಲ. ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನಲ್ಲಿ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವ ತನಕ, ಸಂಪ್ರದಾಯಸ್ಥ ಯಹೂದಿಗಳು ಗಾಡಿ ಓಡಿಸುವುದಿಲ್ಲ. ಶುಲ್ ಕಾಲ್ನಡಿಗೆಯ ದೂರದಲ್ಲೇ ಇರಬೇಕು. ವಯಸ್ಸಾದವರು, ಮಕ್ಕಳು ಎಲ್ಲರೂ ಮಳೆ, ಹಿಮ ಅನ್ನದೆ ನಡೆಯಬೇಕು. ಸಾಮೂಹಿಕ ಪ್ರಾರ್ಥನೆಗೆ ಮಿನ್ಯಾನ್, ಅಂದರೆ ಹತ್ತು ಜನ ವಯಸ್ಕ ಗಂಡಸರು, ಸೇರಿದರೆ ಸಾಕು. ಹಾಗಾಗಿ ಊರಿಗೊಂದು ದೊಡ್ಡ ಕಟ್ಟಡಕ್ಕಿಂತ ನಾಲ್ಕು ಬೀದಿಗೊಂದು ಪುಟ್ಟ ಶುಲ್ ಅವರ ಬದುಕಿಗೆ ಹೊಂದುತ್ತದೆ.

ಇಲ್ಲಿ ಬರುವ ಪ್ರಶ್ನೆ: ಈ ಮನೆಗೆ ಆಸ್ತಿ ತೆರಿಗೆ ಕಟ್ಟಬೇಕಾ? ನ್ಯೂಯಾರ್ಕ್ ಉಪನಗರಗಳಲ್ಲಿ ಶಾಲೆ, ಟೌನ್, ಕೌಂಟಿ ತೆರಿಗೆ ಎಲ್ಲ ಸೇರಿ ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಡಾಲರ್ ಆಗುವುದು ಏನೂ ವಿಶೇಷ ಅಲ್ಲ. ಮೂವತ್ತು ಮನೆಯವರು ಸೇರಿ ನಡೆಸುವ ಶುಲ್‌ಗೆ ಅದು ಉಳಿಯುವ ಅಥವಾ ಮುಚ್ಚುವ ಪ್ರಶ್ನೆ.

ಕನ್ನಡದಲ್ಲಿ ಇದನ್ನು ಬರೆಯುವುದಕ್ಕೆ ಒಂದು ಕಾರಣ ಇದೆ. ಈ ಕಾಯ್ದೆ ಯಹೂದಿಗಳಿಗೆ ಮಾತ್ರ ಮಾಡಿದ್ದಲ್ಲ. ಮನೆಯಲ್ಲಿ ಭಜನೆ, ಪೂಜೆ ಅಂತ ಶುರು ಮಾಡಿ ಆಮೇಲೆ ಅದೇ ಮನೆಯನ್ನು ದೇವಸ್ಥಾನ ಮಾಡಬೇಕು ಅಂತ ಯೋಚಿಸುವ ನಮ್ಮವರಿಗೂ ಇದೇ ಕಲಮು, ಇದೇ ಫಾರಂ. ಮನೆ-ಶುಲ್‌ಗಳು ಈ ದಾರಿಯನ್ನು ತುಂಬಾ ಸಲ ತುಳಿದಿವೆ, ಕೋರ್ಟಿನ ತನಕವೂ ಹೋಗಿವೆ. ಅವರಿಂದ ಕಲಿಯುವುದು ಜಾಸ್ತಿ ಇದೆ.

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡಿ

ನ್ಯೂಯಾರ್ಕ್‌ನ ರಿಯಲ್ ಪ್ರಾಪರ್ಟಿ ಟ್ಯಾಕ್ಸ್ ಲಾ ಅನ್ನುವ ಕಾಯ್ದೆಯಲ್ಲಿ ಮೂರು ಕಲಮುಗಳು ನಮಗೆ ಬೇಕು.

420-ಎ ಕಲಮು ಮುಖ್ಯವಾದದ್ದು. ಧಾರ್ಮಿಕ ಉದ್ದೇಶಕ್ಕಾಗಿಯೇ ಇರುವ ಸಂಸ್ಥೆ ಆಸ್ತಿಯ ಮಾಲೀಕನಾಗಿರಬೇಕು. ಆ ಆಸ್ತಿ ಆ ಉದ್ದೇಶಕ್ಕೇ ಬಳಕೆಯಾಗುತ್ತಿರಬೇಕು. ಎರಡೂ ಇದ್ದರೆ ವಿನಾಯಿತಿ ಕೊಡಲೇಬೇಕು. ಟೌನ್ ಮನಸ್ಸು ಮಾಡಿದರೆ ಕೊಡುವ ದಯೆ ಅಲ್ಲ ಇದು. ರಾಜ್ಯದ ಸಂವಿಧಾನವೇ 1938ರಿಂದ ಇದಕ್ಕೆ ರಕ್ಷಣೆ ಕೊಟ್ಟಿದೆ.

462 ಕಲಮು ರಬ್ಬಿಯ ವಾಸಕ್ಕೆ. ಧಾರ್ಮಿಕ ಕಾರ್ಪೊರೇಶನ್ ಒಡೆತನದ ಮನೆಯಲ್ಲಿ ಅದೇ ಸಂಸ್ಥೆಯ ಧರ್ಮಗುರು ನಿಜವಾಗಿ ವಾಸವಿದ್ದರೆ ಆ ವಾಸದ ಭಾಗಕ್ಕೂ ತೆರಿಗೆ ಇಲ್ಲ.

460 ಕಲಮು ತೀರಾ ಚಿಕ್ಕದು. ಧರ್ಮಗುರು ಸ್ವಂತ ಹೆಸರಿನಲ್ಲಿ ಮನೆ ಇಟ್ಟುಕೊಂಡಿದ್ದರೆ ತೆರಿಗೆಗಾಗಿ ಅಸೆಸ್ ಮಾಡಿದ, ಅಂದರೆ ಕಟ್ಟಿದ, ಬೆಲೆಯಲ್ಲಿ 1,500 ಡಾಲರ್ ಮಾತ್ರ ಕಳೆಯುತ್ತಾರೆ. ಐದಾರು ಲಕ್ಷದ ಮನೆಯನ್ನು ಪೂರ್ತಿ ಬೆಲೆಗೆ ಅಸೆಸ್ ಮಾಡುವ ಊರಿನಲ್ಲಿ ಇದು ಲೆಕ್ಕಕ್ಕೇ ಸಿಗುವುದಿಲ್ಲ.

ಧಾರ್ಮಿಕ ಆಸ್ತಿಗೆ ತೆರಿಗೆ ಬಿಡುವುದೇ ತಪ್ಪು ಅಂತ ವಾದ ಬಂದಿದ್ದೂ ಇದೆ. ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನಲ್ಲಿ ಸಣ್ಣ ನಿವೇಶನ ಇದ್ದ ವಾಲ್ಜ್ ಎಂಬವರು ನಗರದ ತೆರಿಗೆ ಆಯೋಗದ ಮೇಲೆ ಕೇಸು ಹಾಕಿದರು. 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-1 ಬಹುಮತದಲ್ಲಿ ವಿನಾಯಿತಿ ಸಂವಿಧಾನಬದ್ಧ ಅಂದಿತು. ಆ ಜಗಳ ಅಲ್ಲಿಗೆ ಮುಗಿಯಿತು. ಈಗಿನ ಜಗಳಗಳೆಲ್ಲ ಬೇರೆ ತರ: ಮಾಲೀಕ ಯಾರು, ಬಳಕೆ ಏನು, ಸಾಕ್ಷಿ ಎಲ್ಲಿ?

ಪ್ರಾರ್ಥನೆ ನಡೆಯುತ್ತದೆ ಅನ್ನುವುದರಿಂದಲೇ ತೆರಿಗೆ ಬಿಟ್ಟುಹೋಗುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ. ಭಕ್ತಿ ಎಷ್ಟೇ ನಿಜವಾದದ್ದಾಗಿರಲಿ, ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಸ್ಥಳೀಯ ಅಧಿಕಾರಿಯಾದ ಅಸೆಸರ್ ಕೈಗೆ ಸಿಗುವುದು ಕಾಗದ. ಆ ಕಾಗದ ನಿಮ್ಮ ಬದುಕನ್ನು ಸರಿಯಾಗಿ ಹೇಳಬೇಕು.

ಹೆಜ್ಜೆ 1: ನಿಮ್ಮದು ಯಾವ ಬಗೆಯ ಮನೆ?

ಮನೆ ರಬ್ಬಿಯ ಹೆಸರಿನಲ್ಲಿದ್ದು ಬೇಸ್‌ಮೆಂಟಿನಲ್ಲಿ ಶುಲ್ ನಡೆಯುತ್ತಿದ್ದರೆ 420-ಎ ಸಿಗುವುದಿಲ್ಲ. ದಿನಕ್ಕೆ ಮೂರು ಹೊತ್ತು ಮಿನ್ಯಾನ್ ನಡೆದರೂ ಸಿಗುವುದಿಲ್ಲ. ಮಾಲೀಕ ವ್ಯಕ್ತಿಯಾಗಿರುವ ತನಕ ಸಿಗುವುದು 460ರ ಆ ಚಿಲ್ಲರೆ ರಿಯಾಯಿತಿ ಮಾತ್ರ. ರಬ್ಬಿ ತನ್ನ ಬೇಸ್‌ಮೆಂಟನ್ನು ಸಂಸ್ಥೆಗೆ ಬಾಡಿಗೆಗೆ ಬರೆದುಕೊಟ್ಟರೂ ಪ್ರಯೋಜನ ಇಲ್ಲ. ಒಡೆತನ ಬದಲಾಗಲಿಲ್ಲವಲ್ಲ.

ಮನೆ ಸಂಸ್ಥೆಯದ್ದೇ ಆಗಿದ್ದು, ಕೆಳಗೆ ಶುಲ್, ಮೇಲೆ ಅದೇ ಶುಲ್‌ನ ರಬ್ಬಿ ಇದ್ದರೆ ಅದು ಗಟ್ಟಿ ನೆಲೆ. ಕೆಳಗಿನ ಭಾಗಕ್ಕೆ 420-ಎ, ಮೇಲಿನದಕ್ಕೆ 462. ಎರಡೂ ಸೇರಿದರೆ ಇಡೀ ಮನೆ ವಿನಾಯಿತಿಗೆ ಬರಬಹುದು.

ಮನೆ ಸಂಸ್ಥೆಯದ್ದು, ಆದರೆ ಒಂದು ಭಾಗ ಹೊರಗಿನವರಿಗೆ ಬಾಡಿಗೆಗೆ ಕೊಟ್ಟಿದ್ದರೆ ಆ ಭಾಗಕ್ಕೆ ತೆರಿಗೆ ಬೀಳುತ್ತದೆ, ಉಳಿದದ್ದಕ್ಕೆ ಇಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಮನೆ 3,000 ಚದರ ಅಡಿ. ಶುಲ್ 1,200, ರಬ್ಬಿಯ ವಾಸ 1,200, ಬಾಡಿಗೆದಾರರ ಘಟಕ 600. ಪೂರ್ತಿ ತೆರಿಗೆ 20,000 ಡಾಲರ್ ಅಂತಿಟ್ಟುಕೊಂಡರೆ, ವಿಸ್ತೀರ್ಣದ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು, ಅಂದರೆ 4,000 ಡಾಲರ್ ಉಳಿಯುತ್ತದೆ. ಅದನ್ನು ಮುಚ್ಚಿಟ್ಟು ಪೂರ್ತಿ ವಿನಾಯಿತಿ ಕೇಳಬೇಡಿ. ಬಾಡಿಗೆದಾರರ ಅಂಚೆ ಡಬ್ಬಿ ಬಾಗಿಲಲ್ಲೇ ಇರುತ್ತದೆ. ಸಿಕ್ಕಿಬಿದ್ದರೆ ನಿಮ್ಮ ಶುಲ್ ಭಾಗದ ಮೇಲೂ ಅನುಮಾನ ಬರುತ್ತದೆ. ಇನ್ನೂ ಬೇಸರದ ಸಂಗತಿ ಏನೆಂದರೆ, ಪಕ್ಕದ ಬೀದಿಯ ಪ್ರಾಮಾಣಿಕ ಶುಲ್ ಮೇಲೂ ಅದೇ ಅನುಮಾನ ಬೀಳುತ್ತದೆ.

ಹೆಜ್ಜೆ 2: ಸಂಸ್ಥೆ ಕಟ್ಟಿ

ನ್ಯೂಯಾರ್ಕ್‌ನಲ್ಲಿ ಇದಕ್ಕೆಂದೇ ರಿಲಿಜಿಯಸ್ ಕಾರ್ಪೊರೇಶನ್ಸ್ ಲಾ ಇದೆ. ಪ್ರಾರ್ಥನೆಗೆ ಬರುವವರ ಸಭೆ ಕರೆದು, ಟ್ರಸ್ಟಿಗಳನ್ನು ಆರಿಸಿ, ಸಂಸ್ಥಾಪನಾ ಪತ್ರವನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಸಲ್ಲಿಸಬೇಕು. 420-ಎ ಕಲಮು ನೋಂದಣಿ ಇಲ್ಲದ ಸಂಘವನ್ನೂ ಒಪ್ಪುತ್ತದೆ. ಆದರೆ 462 ಧಾರ್ಮಿಕ ಕಾರ್ಪೊರೇಶನ್ನನ್ನೇ ಕೇಳುತ್ತದೆ. ಆದ್ದರಿಂದ ನೋಂದಣಿ ಮಾಡಿಸಿಬಿಡಿ.

ಫೆಡರಲ್ ತೆರಿಗೆ ಇಲಾಖೆಯಿಂದ ಸಂಸ್ಥೆಗೆ ಇಐಎನ್ ಎಂಬ ಒಂದು ಗುರುತಿನ ನಂಬರ್ ಬೇಕು. ಅದು ಸಿಗುವುದು ಸುಲಭ. ಆದಾಯ ತೆರಿಗೆ ಇಲ್ಲದ ಧರ್ಮಾರ್ಥ ಸಂಸ್ಥೆ ಅಂತ ಅದೇ ಇಲಾಖೆ ಕೊಡುವ 501(ಸಿ)(3) ಪತ್ರದ ವಿಷಯ ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಪ್ರಾರ್ಥನಾ ಮಂದಿರಗಳು ಅರ್ಜಿ ಹಾಕದೆಯೇ ಆ ಸ್ಥಾನ ಪಡೆಯುತ್ತವೆ. ಹಾಗಾಗಿ ಪತ್ರ ಕಡ್ಡಾಯ ಅಲ್ಲ. ಕೈಯಲ್ಲಿ ಇದ್ದರೆ ಅಸೆಸರ್ ಮುಂದೆ ಮಾತು ಹಗುರಾಗುತ್ತದೆ. ಆದರೆ ಫೆಡರಲ್ ಪತ್ರ ಇದೆ ಅಂದ ಮಾತ್ರಕ್ಕೆ ಆಸ್ತಿ ತೆರಿಗೆ ಹೋಗುವುದಿಲ್ಲ. ಅದು ಆದಾಯ ತೆರಿಗೆಯ ಲೋಕ, ಇದು ಟೌನ್‌ನ ಲೋಕ.

ಟ್ರಸ್ಟಿಗಳ ಆಯ್ಕೆಯಲ್ಲಿ ಎಚ್ಚರ ಇರಲಿ. ರಬ್ಬಿ, ರಬ್ಬಿಯ ಹೆಂಡತಿ, ರಬ್ಬಿಯ ಮಗ ಅಂತ ಮೂರೇ ಹೆಸರಿದ್ದರೆ ಅದು ಮನೆತನದ ವ್ಯವಹಾರದ ಹಾಗೆ ಕಾಣುತ್ತದೆ. ಸಂಸ್ಥೆಯಿಂದ ಯಾರಿಗೂ ಸ್ವಂತ ಲಾಭ ಆಗಬಾರದು, ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳ ಮಾತ್ರ ಅನ್ನುವುದು 420-ಎ ಕಲಮಿನ ಷರತ್ತು. ಹೊರಗಿನ ಸದಸ್ಯರು ಟ್ರಸ್ಟಿಗಳಾಗಿರಲಿ. ಸಭೆಯ ನಡಾವಳಿ ಬರೆದಿಡಿ. ಸಂಸ್ಥೆಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ. ಕರೆಂಟ್ ಬಿಲ್ಲು, ವಿಮೆ, ಶುಲ್‌ನ ಖರ್ಚು ಎಲ್ಲ ಆ ಖಾತೆಯಿಂದಲೇ ಹೋಗಲಿ.

ಹೆಜ್ಜೆ 3: ಮನೆಯನ್ನು ಸಂಸ್ಥೆಯ ಹೆಸರಿಗೆ ಮಾಡಿ, ಆದರೆ ಯೋಚಿಸಿ ಮಾಡಿ

ಇಡೀ ಕೆಲಸದಲ್ಲಿ ವಕೀಲರಿಲ್ಲದೆ ಮಾಡಲೇಬಾರದ ಹೆಜ್ಜೆ ಇದು.

ಮೊದಲನೆಯದು, ಮನೆ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಮಾಲೀಕ ಬದಲಾದರೆ ಪೂರ್ತಿ ಸಾಲ ಒಂದೇ ಸಲ ಕಟ್ಟು ಅನ್ನುವ ಷರತ್ತು ಬಹುತೇಕ ಗೃಹಸಾಲಗಳಲ್ಲಿ ಇರುತ್ತದೆ. ಎರಡನೆಯದು, ಕ್ರಯಪತ್ರದ ಜೊತೆ ಟಿಪಿ-584, ಆರ್‌ಪಿ-5217 ಫಾರಂಗಳನ್ನು ಕೌಂಟಿಯಲ್ಲಿ ಕೊಡಬೇಕು. ನ್ಯೂಯಾರ್ಕ್ ನಗರದಲ್ಲಿ ಫಾರಂ ಬೇರೆ. ಮೂರನೆಯದು, ರಬ್ಬಿ ಸ್ವಂತ ಮನೆಗೆ ಪಡೆಯುತ್ತಿದ್ದ ಸ್ಟಾರ್ ಎಂಬ ಶಾಲಾ ತೆರಿಗೆ ರಿಯಾಯಿತಿ ನಿಂತುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಕ್ರಯಪತ್ರ ಆದ ದಿನದಿಂದ ಅದು ರಬ್ಬಿಯ ಮನೆ ಅಲ್ಲ. ಮುಂದೆ ಮಾರಬೇಕೆಂದರೆ, ಅಡ ಇಡಬೇಕೆಂದರೆ ರಿಲಿಜಿಯಸ್ ಕಾರ್ಪೊರೇಶನ್ಸ್ ಲಾ 12ನೇ ಕಲಮಿನ ಪ್ರಕಾರ ಕೋರ್ಟ್ ಅಥವಾ ಅಟಾರ್ನಿ ಜನರಲ್ ಒಪ್ಪಿಗೆ ಬೇಕು. ಮಕ್ಕಳಿಗೆ ಆಸ್ತಿ ಅಂತ ಬಿಟ್ಟುಹೋಗುವುದಕ್ಕೆ ಆಗುವುದಿಲ್ಲ. ಶುಲ್‌ನವರಿಗೂ ರಬ್ಬಿಗೂ ಮನಸ್ತಾಪ ಬಂದರೆ ಮನೆ ಬಿಡಬೇಕಾಗುವುದು ರಬ್ಬಿಯೇ. ಸುಮ್ನೆ ತೆರಿಗೆ ಉಳಿಸೋಣ ಅಂತ ಹೊರಟ ಸಂಸಾರ ಜೀವಮಾನದ ಆಸ್ತಿಯನ್ನೇ ಕೊಟ್ಟುಬಿಟ್ಟ ಹಾಗೆ ಆಗಬಾರದು. ನಿಜವಾಗಿ ಸಮುದಾಯಕ್ಕೆ ಕೊಡುವ ಮನಸ್ಸು ಇದ್ದರೆ ಮಾತ್ರ ಮುಂದೆ ಹೋಗಿ. ಇಲ್ಲದಿದ್ದರೆ ತೆರಿಗೆ ಕಟ್ಟಿಕೊಂಡು, ಮನೆ ಇಟ್ಟುಕೊಂಡು, ಬೇಸ್‌ಮೆಂಟಿನಲ್ಲಿ ಪ್ರಾರ್ಥನೆ ನಡೆಸಿ. ಅದರಲ್ಲಿ ಯಾವ ಕೊರತೆಯೂ ಇಲ್ಲ.

ಹೆಜ್ಜೆ 4: ಝೋನಿಂಗ್ ಸರಿ ಇದೆಯಾ?

ಯಾವ ಜಾಗದಲ್ಲಿ ಯಾವ ಬಳಕೆ ನಡೆಯಬಹುದು ಅನ್ನುವ ಸ್ಥಳೀಯ ನಿಯಮವೇ ಝೋನಿಂಗ್. ಅದಕ್ಕೂ ತೆರಿಗೆಗೂ ಸಂಬಂಧ ಇಲ್ಲ ಅಂದುಕೊಳ್ಳುತ್ತಾರೆ. ಇದೆ. ಸ್ಥಳೀಯ ನಿಯಮ ಮೀರಿ ನಡೆಯುತ್ತಿರುವ ಬಳಕೆಗೆ ವಿನಾಯಿತಿ ನಿರಾಕರಿಸಿದ್ದನ್ನು ನ್ಯೂಯಾರ್ಕ್ ಕೋರ್ಟುಗಳು ಎತ್ತಿಹಿಡಿದಿವೆ. ಹಾಗಾಗಿ ಅರ್ಜಿಗೆ ಮೊದಲು ಟೌನ್ ಅಥವಾ ವಿಲೇಜ್‌ನ ಕಟ್ಟಡ ವಿಭಾಗಕ್ಕೆ ಹೋಗಿ. ವಾಸದ ವಲಯದಲ್ಲಿ ಪ್ರಾರ್ಥನಾ ಸ್ಥಳಕ್ಕೆ ಅವಕಾಶ ಇದೆಯಾ, ವಿಶೇಷ ಪರವಾನಗಿ ಬೇಕಾ, ಎಷ್ಟು ಪಾರ್ಕಿಂಗ್ ಕೇಳುತ್ತಾರೆ ಅಂತ ತಿಳಿದುಕೊಳ್ಳಿ. ಕಟ್ಟಡದ ಬಳಕೆ ಏನು ಅಂತ ಹೇಳುವ ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿಯಲ್ಲಿ ಒಂದು ಕುಟುಂಬದ ಮನೆ ಅಂತಷ್ಟೇ ಇದ್ದರೆ ಅದನ್ನು ಬದಲಿಸುವ ಕೆಲಸ ಶುರು ಮಾಡಿ.

ಬೆಂಕಿ ಸುರಕ್ಷತೆಯಲ್ಲಿ ಚೌಕಾಸಿ ಬೇಡ. ಐವತ್ತು ಜನ ಸೇರುವ ಬೇಸ್‌ಮೆಂಟಿಗೆ ಒಂದೇ ಕಿರಿದಾದ ಮೆಟ್ಟಿಲು ಸಾಲದು. ಎರಡನೇ ಬಾಗಿಲು, ಹೊಗೆ ಪತ್ತೆ ಯಂತ್ರ, ದಾರಿ ತೋರುವ ದೀಪ ಇವೆಲ್ಲ ತೆರಿಗೆಗಾಗಿ ಅಲ್ಲ, ಅಲ್ಲಿ ಕೂರುವ ಮಕ್ಕಳಿಗಾಗಿ ಬೇಕು.

ಟೌನ್ ಬೇಕಂತಲೇ ಅಡ್ಡಿ ಮಾಡುತ್ತಿದ್ದರೆ ಬೇರೆ ರಕ್ಷಣೆ ಇದೆ. 2000ದಲ್ಲಿ ಬಂದ ಆರ್‌ಲೂಪಾ ಎಂಬ ಫೆಡರಲ್ ಕಾಯ್ದೆ, ಝೋನಿಂಗ್ ನೆಪದಲ್ಲಿ ಧಾರ್ಮಿಕ ಸ್ಥಳಗಳ ಮೇಲೆ ಅತಿಯಾದ ಹೊರೆ ಹಾಕುವುದನ್ನು ತಡೆಯುತ್ತದೆ. ರಾಕ್‌ಲ್ಯಾಂಡ್ ಕೌಂಟಿಯ ಏರ್‌ಮಾಂಟ್ ಕಥೆ ಇಲ್ಲಿ ಹೇಳಲೇಬೇಕು. ಆ ವಿಲೇಜ್ 1991ರಲ್ಲಿ ಪ್ರತ್ಯೇಕವಾಗಿ ಹುಟ್ಟಿದ್ದರ ಹಿಂದೆ ಸಂಪ್ರದಾಯಸ್ಥ ಯಹೂದಿಗಳು ರಬ್ಬಿಗಳ ಮನೆಯಲ್ಲಿ ಪ್ರಾರ್ಥನೆ ಮಾಡದಂತೆ ಝೋನಿಂಗ್ ಬಳಸುವ ಉದ್ದೇಶ ಇತ್ತು ಎಂಬ ಕೇಸು ನಡೆಯಿತು. 1995ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಏರ್‌ಮಾಂಟ್ ವಿರುದ್ಧ ತೀರ್ಪು ಕೊಟ್ಟಿತು. 2020ರಲ್ಲಿ ಅಮೆರಿಕ ಸರ್ಕಾರವೇ ಅದೇ ವಿಲೇಜ್ ಮೇಲೆ ಆರ್‌ಲೂಪಾ ಅಡಿ ಮತ್ತೆ ದಾವೆ ಹೂಡಿತು. ಆದರೆ ಒಂದು ಮಾತು ನೆನಪಿಡಿ. ಆರ್‌ಲೂಪಾ ನಿಮಗೆ ಜಾಗ ಬಳಸುವ ಹಕ್ಕು ಕೊಡಿಸಬಹುದು, ತೆರಿಗೆ ವಿನಾಯಿತಿ ಕೊಡಿಸುವುದಿಲ್ಲ. ಅದಕ್ಕೆ ಮತ್ತೆ 420-ಎ ಬಾಗಿಲಿಗೇ ಬರಬೇಕು.

ಹೆಜ್ಜೆ 5: ಬಳಕೆಯ ಸಾಕ್ಷಿ ಕೂಡಿಡಿ

ಅರ್ಜಿ ಗೆಲ್ಲುವುದು, ಸೋಲುವುದು ಇಲ್ಲೇ. ಮನೆ-ಶುಲ್‌ಗೆ ಬೇರೆ ಯಾರಿಗೂ ಇಲ್ಲದ ಒಂದು ಕಷ್ಟವೂ ಇಲ್ಲಿದೆ. ಶುಲ್ ಅತಿ ಹೆಚ್ಚು ತುಂಬುವುದು ಶಬ್ಬಾತ್ ಮತ್ತು ಹಬ್ಬದ ದಿನ. ಆ ದಿನ ಬರೆಯುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ. ಬಂದವರ ಸಹಿ ಪುಸ್ತಕ ಇಡುವ ಮಾತೇ ಇಲ್ಲ. ಹಾಗಾದರೆ ಅರವತ್ತು ಜನ ಬಂದಿದ್ದರು ಅಂತ ತೋರಿಸುವುದು ಹೇಗೆ?

ಶುಲ್‌ಗಳಲ್ಲಿ ತಾನಾಗಿಯೇ ಹುಟ್ಟುವ ಕಾಗದಗಳಿವೆ. ಅವನ್ನು ಎಸೆಯಬೇಡಿ, ಅಷ್ಟೇ. ವಾರವಾರ ಬಾಗಿಲಿಗೆ ಅಂಟಿಸುವ ಪ್ರಾರ್ಥನೆ ಹೊತ್ತಿನ ಹಾಳೆಯಲ್ಲಿ ದಿನಾಂಕ ಇರುತ್ತದೆ. ಪ್ರತಿ ವಾರದ ಒಂದು ಪ್ರತಿ ಫೈಲಿಗೆ ಹಾಕಿ. ಸದಸ್ಯರಿಗೆ ಶುಕ್ರವಾರ ಕಳಿಸುವ ಇಮೇಲ್ ಇರುತ್ತದೆ. ಪ್ರಾರ್ಥನೆ ಮುಗಿದ ಮೇಲಿನ ಕಿದ್ದುಷ್ ಉಪಾಹಾರವನ್ನು ಯಾರು ಕೊಡಿಸುತ್ತಾರೆ ಅನ್ನುವ ವರ್ಷದ ಪಟ್ಟಿ ಇರುತ್ತದೆ. ತೋರಾ ಓದಿಗೆ ಯಾರನ್ನು ಕರೆಯಬೇಕು ಅಂತ ಶುಲ್‌ನ ವ್ಯವಸ್ಥೆ ನೋಡುವ ಗಬ್ಬಾಯಿ ನೋಡಿಕೊಳ್ಳುತ್ತಾನೆ. ಆಗ ಹೇಳಿದ ಕಾಣಿಕೆಗಳನ್ನು ಶನಿವಾರ ಕತ್ತಲಾದ ಮೇಲೆ ಬರೆದುಕೊಂಡು ವಾರದಲ್ಲಿ ರಸೀದಿ ಕಳಿಸುತ್ತಾರೆ. ಆ ರಸೀದಿಗಳು, ಖಾತೆಗೆ ಬಿದ್ದ ಜಮೆಗಳು ಒಳ್ಳೆಯ ಸಾಕ್ಷಿ. ಸದಸ್ಯತ್ವದ ಪಟ್ಟಿ, ರೋಶ್ ಹಶಾನಾ ಮತ್ತು ಯೋಮ್ ಕಿಪ್ಪುರ್ ಹಬ್ಬಗಳ ದಿನದ ಕುರ್ಚಿ ಹಂಚಿಕೆಯ ನಕ್ಷೆ, ತೋರಾ ಸುರುಳಿಯ ವಿಮೆ ಪತ್ರ, ಬೆಂಚು ಕೊಂಡ ಬಿಲ್ಲು ಎಲ್ಲವೂ ಬೇಕು. ಫೋಟೋಗಳನ್ನು ವಾರದ ದಿನ ತೆಗೆಯಿರಿ. ಬೆಳಗಿನ ಮಿನ್ಯಾನ್ ಮುಗಿದ ಮೇಲೆ ಖಾಲಿ ಕೋಣೆ, ಆರೋನ್, ಮೆಖಿತ್ಸಾ, ಪುಸ್ತಕದ ಕಪಾಟು, ಹೊರಗಿನ ಬಾಗಿಲು, ಎರಡನೇ ದಾರಿ.

ಇನ್ನೊಂದು ಮುಖ್ಯ ಕಾಗದ ಮನೆಯ ನಕ್ಷೆ. ಪ್ರತಿ ಮಹಡಿಯದ್ದೂ ಬೇಕು, ಅಳತೆ ಸಮೇತ ಬೇಕು. ಶುಲ್‌ಗೆ ಒಂದು ಬಣ್ಣ, ರಬ್ಬಿಯ ವಾಸಕ್ಕೆ ಒಂದು, ಎರಡಕ್ಕೂ ಬಳಕೆಯಾಗುವ ಅಡುಗೆಮನೆ, ಮೆಟ್ಟಿಲಿಗೆ ಇನ್ನೊಂದು. ಎರಡಕ್ಕೂ ಬಳಸುವ ಜಾಗದ ಪಕ್ಕ ಯಾವ ದಿನ, ಯಾವುದಕ್ಕೆ ಅಂತ ಬರೆಯಿರಿ. ಊಟದ ಕೋಣೆಯಲ್ಲಿ ವಾರಕ್ಕೊಮ್ಮೆ ಪಾಠ ನಡೆಯುತ್ತದೆ ಅಂದಮಾತ್ರಕ್ಕೆ ಅದನ್ನು ಶುಲ್ ಬಣ್ಣಕ್ಕೆ ಸೇರಿಸಬೇಡಿ.

ಬಳಕೆ ಎಷ್ಟರ ಮಟ್ಟಿಗೆ ಧಾರ್ಮಿಕವಾಗಿರಬೇಕು? ಕಲಮಿನ ಮಾತು ಕೇಳಿದರೆ ಬೇರೆ ಏನೂ ನಡೆಯಬಾರದು ಅನ್ನುವ ಹಾಗೆ ಇದೆ. ಆದರೆ ರಾಜ್ಯದ ಅತ್ಯುನ್ನತ ಕೋರ್ಟು 1974ರಲ್ಲೇ, ಮುಖ್ಯವಾಗಿ ಆ ಉದ್ದೇಶಕ್ಕೆ ಬಳಕೆಯಾದರೆ ಸಾಕು ಅಂತ ಅರ್ಥ ಮಾಡಿತು. ಕ್ಯಾಟ್‌ಸ್ಕಿಲ್ ಬೆಟ್ಟದ ಕಡೆಯ ಫಾಲ್ಸ್‌ಬರ್ಗ್ ಟೌನ್ ವಿರುದ್ಧ ಒಂದು ಯೆಶಿವಾ, ಅಂದರೆ ಯಹೂದಿ ಧರ್ಮಪಾಠಶಾಲೆ, ನಡೆಸಿದ ಕೇಸಿನಲ್ಲಿ 1992ರಲ್ಲಿ ಅದೇ ಕೋರ್ಟು, ಮುಖ್ಯ ಉದ್ದೇಶಕ್ಕೆ ಪೂರಕವಾಗಿ ಕೊಟ್ಟ ವಸತಿಗೂ ವಿನಾಯಿತಿ ಇದೆ ಅಂದಿತು. 2014ರ ಇನ್ನೊಂದು ತೀರ್ಪು ಮನೆ-ಶುಲ್‌ಗೆ ಇನ್ನೂ ಹತ್ತಿರ. ಅದು ಯಹೂದಿಗಳದ್ದಲ್ಲ. ಕ್ಯಾಟ್‌ಸ್ಕಿಲ್ ಟೌನ್‌ನಲ್ಲಿ ಮೇಟ್ರಿಯಮ್ ಆಫ್ ಸಿಬೆಲೆ ಎಂಬ ದೇವಿ ಆರಾಧಕರ ಸಂಸ್ಥೆ ದೊಡ್ಡ ಮನೆಯೊಂದರಲ್ಲಿ ಒಟ್ಟಿಗೆ ವಾಸ ಮಾಡುತ್ತ ಪೂಜೆ ನಡೆಸುತ್ತಿತ್ತು. ಇದು ಮನೆ, ಮಂದಿರ ಅಲ್ಲ ಅಂತ ಟೌನ್ ವಿನಾಯಿತಿ ಕೊಡಲಿಲ್ಲ. ವರ್ಷಗಟ್ಟಲೆ ಹೋರಾಡಿ ಆ ಸಂಸ್ಥೆ ಗೆದ್ದಿತು. ಅಲ್ಲಿ ಜನ ವಾಸ ಇದ್ದಾರೆ ಅನ್ನುವುದೊಂದೇ ವಿನಾಯಿತಿ ತಪ್ಪಿಸುವುದಕ್ಕೆ ಸಾಲದು, ಮುಖ್ಯ ಬಳಕೆ ಧಾರ್ಮಿಕ ಅಂತ ತೋರಿಸಿದರೆ ಆಯಿತು. ಸಣ್ಣ ಸಮುದಾಯಗಳಿಗೆ ಈ ತೀರ್ಪು ದೊಡ್ಡ ಬಲ.

ಮನೆ ಕೊಂಡಿದ್ದೀರಿ, ಆದರೆ ಇನ್ನೂ ರಿಪೇರಿ ನಡೆಯುತ್ತಿದೆ, ಪ್ರಾರ್ಥನೆ ಶುರುವಾಗಿಲ್ಲ ಅಂದರೂ ದಾರಿ ಇದೆ. ಪ್ರಾಮಾಣಿಕವಾಗಿ ಆ ಕೆಲಸ ಮಾಡಲು ಹೊರಟಿದ್ದೀರಿ ಅನ್ನುವುದಕ್ಕೆ ಆರ್ಕಿಟೆಕ್ಟ್ ನಕ್ಷೆ, ಕಂತ್ರಾಟುದಾರರ ಒಪ್ಪಂದ, ಚಂದಾ ಎತ್ತಿದ ಲೆಕ್ಕ ತೋರಿಸಿದರೆ 420-ಎ ಅದನ್ನೂ ಪರಿಗಣಿಸುತ್ತದೆ.

ಹೆಜ್ಜೆ 6: ಅರ್ಜಿ

ಅರ್ಜಿ ಹೋಗುವುದು ರಾಜ್ಯದ ಕಚೇರಿಗೆ ಅಲ್ಲ, ನಿಮ್ಮ ಊರಿನ ಅಸೆಸರ್‌ಗೆ. ಮೂರು ಫಾರಂ ಬೇಕು. ಆರ್‌ಪಿ-420-ಎ-ಆರ್ಗ್ ಸಂಸ್ಥೆಯ ಬಗ್ಗೆ ಕೇಳುತ್ತದೆ: ಉದ್ದೇಶ, ಸಂಸ್ಥಾಪನಾ ಪತ್ರ, ಯಾರಿಗೆ ಎಷ್ಟು ಸಂಬಳ. ಆರ್‌ಪಿ-420-ಎ/ಬಿ-ಯೂಸ್ ಆಸ್ತಿಯ ಬಗ್ಗೆ ಕೇಳುತ್ತದೆ: ಯಾವ ಭಾಗ ಯಾವುದಕ್ಕೆ, ಬೇರೆ ಯಾರಾದರೂ ಬಳಸುತ್ತಾರಾ, ಬಾಡಿಗೆ ಬರುತ್ತದಾ. ಆರ್‌ಪಿ-462 ರಬ್ಬಿಯ ವಾಸಕ್ಕೆ. ತುಂಬಾ ಜನ ಮೊದಲ ಎರಡು ಕೊಟ್ಟು ಮೂರನೆಯದನ್ನು ಮರೆಯುತ್ತಾರೆ. ಆಗ ಶುಲ್ ಭಾಗದ ತೆರಿಗೆ ಮಾತ್ರ ಹೋಗಿ ಮೇಲಿನ ಮಹಡಿಗೆ ಬಿಲ್ಲು ಬರುತ್ತದೆ.

462ರಲ್ಲಿ ಅಸೆಸರ್ ಕೇಳುವ ಪ್ರಶ್ನೆ ಒಂದೇ: ಇವರು ನಿಜವಾಗಿ ಈ ಶುಲ್‌ನ ರಬ್ಬಿಯಾ? ರಬ್ಬಿ ಪದವಿ ಇದ್ದವರೆಲ್ಲ ಶುಲ್ ನಡೆಸುವುದಿಲ್ಲ. ಎಷ್ಟೋ ಜನ ಬೇರೆ ಕಡೆ ಪಾಠ ಹೇಳುತ್ತಾರೆ, ವ್ಯಾಪಾರ ಮಾಡುತ್ತಾರೆ. ನೇಮಕದ ಪತ್ರ, ಟ್ರಸ್ಟಿಗಳ ಠರಾವು, ಅವರು ಮಾಡುವ ಕೆಲಸಗಳ ವಿವರ ಲಗತ್ತಿಸಿ.

ಕೊನೆಯ ದಿನ ಅಂದರೆ ಟ್ಯಾಕ್ಸಬಲ್ ಸ್ಟೇಟಸ್ ಡೇಟ್. ಬಹುತೇಕ ಟೌನ್‌ಗಳಲ್ಲಿ ಅದು ಮಾರ್ಚ್ 1. ನ್ಯೂಯಾರ್ಕ್ ನಗರದಲ್ಲಿ ಜನವರಿ 5, ನಾಸೌ ಕೌಂಟಿಯಲ್ಲಿ ಜನವರಿ 2. ವೆಸ್ಟ್‌ಚೆಸ್ಟರ್‌ನ ಟೌನ್‌ಗಳಲ್ಲಿ ಸಾಮಾನ್ಯವಾಗಿ ಮೇ 1. ಆ ದಿನ ಮಾಲೀಕತ್ವ ಯಾರದ್ದು, ಬಳಕೆ ಏನು ಅನ್ನುವುದೇ ಆ ವರ್ಷದ ಚಿತ್ರ. ಕ್ರಯಪತ್ರ ಮಾರ್ಚ್ ಮಧ್ಯದಲ್ಲಿ ಮಾಡಿಸಿಕೊಂಡು ಆಮೇಲೆ ಪರಿತಪಿಸುವ ಬದಲು ಚಳಿಗಾಲದಲ್ಲೇ ಮುಗಿಸಿ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ.

ಅಸೆಸರ್ ನೋಡಲು ಬರುತ್ತೇನೆ ಅಂದರೆ ಸಂತೋಷದಿಂದ ಕರೆಯಿರಿ. ಶುಕ್ರವಾರ ಮಧ್ಯಾಹ್ನ, ಶನಿವಾರ, ಹಬ್ಬದ ದಿನ ಬೇಡ ಅಂತ ವಿನಯದಿಂದ ಮೊದಲೇ ಹೇಳಿ, ಬದಲಿಗೆ ಎರಡು ಮೂರು ದಿನ ಕೊಡಿ. ವಾರದ ದಿನದ ಬೆಳಗಿನ ಮಿನ್ಯಾನ್ ಹೊತ್ತಿಗೆ ಬಂದರೆ ಇನ್ನೂ ಒಳ್ಳೆಯದು. ಪ್ರಾರ್ಥನೆಯನ್ನು ಅವರೇ ಕಣ್ಣಾರೆ ನೋಡುತ್ತಾರೆ. ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಹಾಕಿ, ಅದು ಬಿಟ್ಟು ಎಲ್ಲ ತೋರಿಸುತ್ತೇವೆ ಅನ್ನಬೇಡಿ.

ಹೆಜ್ಜೆ 7: ಇಲ್ಲ ಅಂದರೆ

ಪತ್ರ ಬರಲಿ ಅಂತ ಕಾಯಬೇಡಿ. ಬಹುತೇಕ ಟೌನ್‌ಗಳಲ್ಲಿ ಮೇ 1ರಂದು ತಾತ್ಕಾಲಿಕ ಅಸೆಸ್‌ಮೆಂಟ್ ಪಟ್ಟಿ ಹೊರಬರುತ್ತದೆ. ನಿಮ್ಮ ಮನೆಯ ಸಾಲನ್ನು ನೀವೇ ಹುಡುಕಿ. 25110 ಅನ್ನುವ ಸಂಖ್ಯೆ ಕಂಡರೆ ಅದು ಧಾರ್ಮಿಕ ಸಂಸ್ಥೆಯ 420-ಎ ವಿನಾಯಿತಿ. 21600 ಅಂದರೆ ಸಂಸ್ಥೆ ಒಡೆತನದ ಧರ್ಮಗುರುವಿನ ವಾಸ. 41400 ಮಾತ್ರ ಇದ್ದರೆ ನಿಮಗೆ ಆ 1,500 ಡಾಲರಿನ ರಿಯಾಯಿತಿಯಷ್ಟೇ ಸಿಕ್ಕಿದೆ. ಆಸ್ತಿ ಪೂರ್ತಿ ವಿನಾಯಿತಿ ಪಡೆದಿದ್ದರೆ ಪಟ್ಟಿಯ 8ನೇ ಭಾಗದಲ್ಲಿ ಇರುತ್ತದೆ.

ಸರಿ ಇಲ್ಲದಿದ್ದರೆ ಆರ್‌ಪಿ-524 ಫಾರಂನಲ್ಲಿ ದೂರು ಕೊಡಬೇಕು. ಹೆಚ್ಚಿನ ಟೌನ್‌ಗಳಲ್ಲಿ ಮೇ ತಿಂಗಳ ನಾಲ್ಕನೇ ಮಂಗಳವಾರ ಗ್ರೀವನ್ಸ್ ಡೇ, ಅಂದರೆ ಮಂಡಳಿಯೊಂದು ಈ ದೂರುಗಳನ್ನು ಕೇಳುವ ದಿನ. ಕೆಲವು ವರ್ಷ ಇದು ಶಾವುವೋತ್ ಹಬ್ಬದ ಆಸುಪಾಸಿಗೇ ಬರುತ್ತದೆ. ಜನವರಿಯಲ್ಲೇ ಕ್ಯಾಲೆಂಡರ್ ನೋಡಿ, ಫಾರಂ ಮುಂಚೆ ಸಲ್ಲಿಸಿ. ಹಬ್ಬದ ದಿನವೇ ಆದರೆ ನಿಮ್ಮ ಪರವಾಗಿ ಬೇರೊಬ್ಬರಿಗೆ ಅಧಿಕಾರ ಬರೆದುಕೊಡಿ. ಮಂಡಳಿಯ ಮುಂದೆ ಧರ್ಮದ ಮಹಿಮೆ ಹೇಳುತ್ತ ಕೂರಬೇಡಿ. ಕ್ರಯಪತ್ರ, ನಕ್ಷೆ, ವರ್ಷದ ಹಾಳೆಗಳ ಫೈಲು ಮುಂದಿಟ್ಟು, ಯಾವ ಕಲಮಿನ ಯಾವ ಷರತ್ತಿಗೆ ಯಾವ ಕಾಗದ ಅಂತ ತೋರಿಸಿ.

ಅಲ್ಲೂ ಆಗಲಿಲ್ಲ ಅಂದರೆ ಕೋರ್ಟು. ಅಂತಿಮ ಪಟ್ಟಿ ಸಾಮಾನ್ಯವಾಗಿ ಜುಲೈ 1ಕ್ಕೆ ಆಗುತ್ತದೆ. ಅದು ಪ್ರಕಟವಾದ 30 ದಿನದೊಳಗೆ ಅದೇ ತೆರಿಗೆ ಕಾಯ್ದೆಯ ಆರ್ಟಿಕಲ್ 7 ಅಡಿ ಅರ್ಜಿ ಹಾಕಬೇಕು. ಆ 30 ದಿನ ತಪ್ಪಿದರೆ ಆ ವರ್ಷ ಹೋದ ಹಾಗೆಯೇ. ಕೇಸು ಮುಗಿಯುವ ತನಕ ಹೊಸ ವರ್ಷದ ಅರ್ಜಿ, ಹೊಸ ದೂರು ನಿಲ್ಲಿಸಬೇಡಿ. ಪ್ರತಿ ವರ್ಷದ ತೆರಿಗೆಯೂ ಬೇರೆ ಬೇರೆ ಲೆಕ್ಕ. ನ್ಯೂಯಾರ್ಕ್ ನಗರದಲ್ಲಿ ಅರ್ಜಿ ಹಣಕಾಸು ಇಲಾಖೆಗೆ, ಮೇಲ್ಮನವಿ ಟ್ಯಾಕ್ಸ್ ಕಮಿಷನ್‌ಗೆ ಹೋಗುತ್ತದೆ.

ನದಿಯ ಆಚೆ, ನ್ಯೂಜೆರ್ಸಿಯಲ್ಲಿ

ಅಲ್ಲೂ ಮಾಲೀಕತ್ವ ಮತ್ತು ಬಳಕೆ ಎರಡೂ ನೋಡುತ್ತಾರೆ. ಅಕ್ಟೋಬರ್ 1ರ ಸ್ಥಿತಿ ಲೆಕ್ಕಕ್ಕೆ. ಮೊದಲ ಅರ್ಜಿಯಾದ ಇನಿಷಿಯಲ್ ಸ್ಟೇಟ್‌ಮೆಂಟ್ ನವೆಂಬರ್ 1ರೊಳಗೆ ಕೊಡಬೇಕು. ಆಮೇಲೆ ಮೂರು ವರ್ಷಕ್ಕೊಮ್ಮೆ ಫರ್ದರ್ ಸ್ಟೇಟ್‌ಮೆಂಟ್ ಎಂಬ ನವೀಕರಣದ ಪತ್ರ. ಒಂದು ಧಾರ್ಮಿಕ ಸಂಸ್ಥೆಯ ಧರ್ಮಗುರುಗಳ ವಾಸಕ್ಕೆ ಎರಡು ಕಟ್ಟಡಗಳ ತನಕ ವಿನಾಯಿತಿ ಇದೆ. ಲೇಕ್‌ವುಡ್ ಕಡೆಯ ಶುಲ್‌ಗಳಿಗೂ, ಎಡಿಸನ್ ಕಡೆ ಮನೆಯಲ್ಲಿ ಪೂಜೆ ಶುರು ಮಾಡುವ ನಮ್ಮವರಿಗೂ ನಿಯಮ ಒಂದೇ.

ಸಿಕ್ಕ ಮೇಲೆ

ನ್ಯೂಯಾರ್ಕ್‌ನಲ್ಲಿ ವಿನಾಯಿತಿ ಒಮ್ಮೆ ಸಿಕ್ಕರೆ ಶಾಶ್ವತ ಅಲ್ಲ. ಪ್ರತಿ ವರ್ಷ ನವೀಕರಣದ ಫಾರಂ ಕೊಡಬೇಕು, ಹೆಸರಿನ ಕೊನೆಗೆ ಆರ್‌ಎನ್‌ಡಬ್ಲ್ಯು ಅಂತ ಇರುವ ಎರಡು ಭಾಗ. ಗಬ್ಬಾಯಿ ಬದಲಾದ ವರ್ಷವೇ ಇದು ಮರೆತುಹೋಗುತ್ತದೆ. ಟ್ರಸ್ಟಿಗಳಲ್ಲಿ ಒಬ್ಬರ ಹೆಸರಿಗೆ ಈ ಜವಾಬ್ದಾರಿ ಬರೆದುಬಿಡಿ.

ಕೆಲವು ಬಿಲ್ಲುಗಳು ಬರುತ್ತಲೇ ಇರುತ್ತವೆ. ನೀರು, ಒಳಚರಂಡಿ, ಕಸದಂಥ ವಿಶೇಷ ಜಿಲ್ಲಾ ಶುಲ್ಕಗಳು ಈ ವಿನಾಯಿತಿಯೊಳಗೆ ಪೂರ್ತಿ ಬರುವುದಿಲ್ಲ. ಅವನ್ನು ತಪ್ಪದೆ ಕಟ್ಟಿ. ತೆರಿಗೆ ಇಲ್ಲ ಅಂತ ಬಂದ ಲಕೋಟೆಯನ್ನೆಲ್ಲ ತೆರೆಯದೆ ಇಟ್ಟರೆ ಬಡ್ಡಿ ಬೆಳೆದು, ಕೊನೆಗೆ ಆಸ್ತಿಯ ಮೇಲೇ ಬೀಳುತ್ತದೆ.

ಬಳಕೆ ಬದಲಾದರೆ ಹೇಳಿ. ಸದಸ್ಯರ ಮಗುವಿನ ನಾಮಕರಣ, ಹುಡುಗ ಹದಿಮೂರಕ್ಕೆ ಬಂದಾಗಿನ ಬಾರ್ ಮಿಟ್ಸ್ವಾ ಊಟ ನಡೆದರೆ ತೊಂದರೆ ಇಲ್ಲ, ಅದು ಶುಲ್‌ನ ಬದುಕೇ. ಹೊರಗಿನವರಿಗೆ ಹಾಲ್ ಅಂತ ವಾರವಾರ ಬಾಡಿಗೆ ಕೊಡತೊಡಗಿದರೆ ಅದು ವ್ಯಾಪಾರ. ಮಧ್ಯಾಹ್ನ ಖಾಲಿ ಇರುವ ಕೋಣೆಯನ್ನು ಇನ್ನೊಂದು ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಗೆ ಕೊಟ್ಟರೆ ವಿನಾಯಿತಿ ಉಳಿಯಬಹುದು. ಆದರೆ ಪಡೆಯುವ ದುಡ್ಡು ಆ ಜಾಗದ ನಿರ್ವಹಣೆ, ಸಾಲದ ಕಂತು, ಸವಕಳಿಯಂಥ ಖರ್ಚನ್ನು ಮೀರಬಾರದು. ರಬ್ಬಿ ಮನೆ ಬಿಟ್ಟು ಬೇರೆ ಕಡೆ ಹೋದರೆ, ಮೇಲಿನ ಮಹಡಿಗೆ ಬೇರೆ ಸಂಸಾರ ಬಂದರೆ, ಆ ಭಾಗದ 462 ಹೋಗುತ್ತದೆ. ಮುಂದಿನ ನವೀಕರಣದಲ್ಲಿ ಅದನ್ನು ನೀವೇ ಬರೆಯಿರಿ. ಸಮುದಾಯ ಬೆಳೆದು ಶುಲ್ ದೊಡ್ಡ ಕಟ್ಟಡಕ್ಕೆ ಹೋಗಿ ಈ ಮನೆಯನ್ನು ಸಾಮಾನ್ಯ ಕುಟುಂಬಕ್ಕೆ ಮಾರಿದರೆ, 520ನೇ ಕಲಮಿನ ಪ್ರಕಾರ ಮಾರಿದ ದಿನದಿಂದಲೇ ಉಳಿದ ತಿಂಗಳುಗಳಿಗೆ ತೆರಿಗೆ ಶುರುವಾಗುತ್ತದೆ. ಕೊಳ್ಳುವವರಿಗೆ ಇದನ್ನು ಒಪ್ಪಂದಕ್ಕೆ ಮುಂಚೆಯೇ ತಿಳಿಸಿ, ಯಾರ ಪಾಲಿಗೆ ಎಷ್ಟು ಅನ್ನುವುದನ್ನು ಅದರಲ್ಲೇ ಬರೆಸಿ.